ರೈಲು ಹತ್ತುವ ಹುಡುಗನ ಕೈಯಲ್ಲಿ ಏನಿರಬೇಕು?



ಕಳೆದ ರಜೆಯ ದಿನ ಉಧ್ನಾದ ನಮ್ಮ ಕೋಣೆಯಲ್ಲಿ ಹೋಟೆಲಿನವರೂ ಮಿಲ್ಲಿನವರೂ ಒಟ್ಟಾಗಿ ಕುಳಿತು ಟಿ.ವಿ.ಯಲ್ಲಿ ಒಂದು ಗುಜರಾತಿ ಚಿತ್ರ ನೋಡಿದೆವು. ಹೆಸರು ‘ಛೆಲ್ಲೋ ಶೋ’, ಎಂದರೆ ಕೊನೆಯ ಆಟ. ಪಾನ್ ನಳಿನ್ ಅವರು ನಿರ್ದೇಶಿಸಿದ ಈ ಚಿತ್ರ ನಮ್ಮ ದೇಶದಲ್ಲಿ 2022ರ ಅಕ್ಟೋಬರಿನಲ್ಲಿ ತೆರೆಕಂಡಿತು. ಆ ವರ್ಷ ಭಾರತದ ಪರವಾಗಿ ಆಸ್ಕರ್ ಸ್ಪರ್ಧೆಗೆ ಹೋದದ್ದೂ ಇದೇ. ಚಿತ್ರ ಮುಗಿದಾಗ ನಮ್ಮವರೊಬ್ಬರು, “ಚಹ ಮಾರುವ ಹುಡುಗನನ್ನು ದಿನವೂ ನೋಡುತ್ತೇವೆ. ಅದಕ್ಕೆ ಸಿನಿಮಾ ಬೇರೆ ಬೇಕೆ?” ಎಂದರು. ಎಲ್ಲರೂ ನಕ್ಕೆವು. ಆದರೆ ನಗು ಮುಗಿದ ಮೇಲೂ ಕಥೆ ಮನಸ್ಸಿನಿಂದ ಇಳಿಯಲಿಲ್ಲ. ನಮಗೆ ಅನಿಸಿದ್ದನ್ನು ಇಲ್ಲಿ ಹೇಳುತ್ತೇವೆ.

ಸೌರಾಷ್ಟ್ರದ ಅಮರೇಲಿ ಜಿಲ್ಲೆಯ ಚಲಾಲಾ ಎಂಬ ಊರು. ಅಲ್ಲಿನ ರೈಲು ನಿಲ್ದಾಣದಲ್ಲಿ ತಂದೆಗೆ ಚಹದ ಅಂಗಡಿ. ಒಂಬತ್ತು ವರ್ಷದ ಮಗ ಸಮಯ್ ರೈಲಿನ ಕಿಟಕಿಗಳ ಬಳಿ ಓಡಾಡಿ ಚಹ ಮಾರುತ್ತಾನೆ. ಹುಡುಗನಿಗೆ ಸಿನಿಮಾದ ಹುಚ್ಚು. ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಟಾಕೀಸಿನ ಯಂತ್ರ ನಡೆಸುವ ಫಜಲನಿಗೆ ಕೊಟ್ಟು, ಅವನ ಕೋಣೆಯ ಕಿಂಡಿಯಿಂದ ಚಿತ್ರ ನೋಡುತ್ತಾನೆ. ಅಷ್ಟರಲ್ಲಿ ಕಾಲ ಬದಲಾಗುತ್ತದೆ. ಹಳೆಯ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಾರೆ, ಇನ್ನು ಈ ನಿಲ್ದಾಣದಲ್ಲಿ ಚಹಕ್ಕೆ ಗಿರಾಕಿ ಇರುವುದಿಲ್ಲ ಎಂಬ ಸುದ್ದಿ ಬರುತ್ತದೆ. ಟಾಕೀಸಿಗೆ ಡಿಜಿಟಲ್ ಯಂತ್ರ ಬರುತ್ತದೆ, ಫಜಲನ ಕೈಯ ವಿದ್ಯೆ ಬೆಲೆ ಕಳೆದುಕೊಳ್ಳುತ್ತದೆ. ಹಳೆಯ ಯಂತ್ರವನ್ನು ಕರಗಿಸಿ ಚಮಚ ಮಾಡುತ್ತಾರೆ, ಫಿಲ್ಮಿನ ಸುರುಳಿಯನ್ನು ಕರಗಿಸಿ ಬಳೆ ಮಾಡುತ್ತಾರೆ. ಕೊನೆಗೆ, ಸಿನಿಮಾ ಎಂದರೆ ಕೋಲು ಹಿಡಿಯುತ್ತಿದ್ದ ಅದೇ ತಂದೆ ಮಗನ ಒಲವನ್ನು ಅರಿತು, ಕಲಿಯಲೆಂದು ಅವನನ್ನು ರೈಲು ಹತ್ತಿಸುತ್ತಾನೆ.

ಆ ಚಮಚದ ದೃಶ್ಯ ಬಂದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ದಿನಕ್ಕೆ ಸಾವಿರ ಚಮಚ ತೊಳೆದ ಕೈಗಳು ನಮ್ಮವು. ಲೂಮ್ ಕಾರ್ಖಾನೆಯ ಗೆಳೆಯರಿಗೂ ಅದು ಹೊಸ ನೋಟವಲ್ಲ. ಈ ಸೂರತ್ತಿನಲ್ಲಿಯೇ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿ ವಾಟರ್‌ಜೆಟ್, ರೇಪಿಯರ್ ಯಂತ್ರಗಳನ್ನು ತಂದು ಕೂರಿಸುವುದನ್ನು ಕಂಡಿದ್ದೇವೆ. ಅಹಮದಾಬಾದಿನಲ್ಲಿ 1980 ಮತ್ತು 90ರ ದಶಕಗಳಲ್ಲಿ ಸಾಲುಸಾಲಾಗಿ ಮಿಲ್ಲುಗಳು ಮುಚ್ಚಿದ್ದನ್ನು ಹಿರಿಯರಿಂದ ಕೇಳಿದ್ದೇವೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳ ಗತಿಯೂ ಅದೇ ಆಯಿತು.

ನಮ್ಮ ಕರಾವಳಿಯ ಕಥೆ ಬೇರೆಯೇನಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ನದಿಯ ದಡಗಳಲ್ಲೆಲ್ಲ ಅಂಥ ಕಾರ್ಖಾನೆಗಳು ಎದ್ದವು. ಮನೆಗಳಿಗೆ ಕಾಂಕ್ರೀಟಿನ ತಾರಸಿ ಬಂತು, ಜೇಡಿಮಣ್ಣು ಸಿಗುವುದು ಕಷ್ಟವಾಯಿತು, ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮೂರಿನಲ್ಲೂ ಹಾಗೆಯೇ ಆಯಿತು. ಅಪ್ಪಯ್ಯ ಮೂವತ್ತು ವರ್ಷ ಮಣ್ಣು ಮಿದ್ದಿದ ಕಾರ್ಖಾನೆಯಲ್ಲಿ ಈಗ ನಿಂತಿರುವುದು ಹೊಗೆಗೂಡೊಂದೇ. ಅದು ಮುಚ್ಚಿದ ವರ್ಷವೇ ನಾವು ಏಳನೆಯ ತರಗತಿ ಮುಗಿಸಿ ರೈಲು ಹತ್ತಿದೆವು. ವಯಸ್ಸು ಹದಿಮೂರು. ಅಪ್ಪಯ್ಯನೂ ನಿಲ್ದಾಣಕ್ಕೆ ಬಂದಿದ್ದರು. ಕೈಯಲ್ಲಿ ಕೊಟ್ಟದ್ದು ಒಂದು ಹೋಟೆಲಿನ ವಿಳಾಸದ ಚೀಟಿ. ಮರುದಿನದಿಂದ ನಮಗೆ ಹೆಸರಿರಲಿಲ್ಲ. ‘ಏ ಮಾಣಿ’ ಎಂದರೆ ಓಗೊಡಬೇಕು.

ಅಪ್ಪಯ್ಯನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರ ಬಳಿ ಇದ್ದದ್ದೇ ಆ ಚೀಟಿ. ಸಮಯ್‌ನ ತಂದೆಯೂ ಬಡವನೇ, ನಮ್ಮ ಅಪ್ಪಯ್ಯನೂ ಬಡವರೇ. ಎರಡೂ ಊರು ಬಡವಾಗುತ್ತಿದ್ದ ಊರುಗಳೇ. ಇಬ್ಬರು ಹುಡುಗರೂ ರೈಲು ಹತ್ತಿದರು. ಒಬ್ಬ ಕಲಿಯಲು ಹೋದ, ಇನ್ನೊಬ್ಬ ಲೋಟ ತೊಳೆಯಲು ಹೋದ. ಊರು ಬಿಡುವುದು ತಪ್ಪಲ್ಲ. ಬಿಡದಿದ್ದರೆ ಉಧ್ನಾದಲ್ಲಿ ಈ ಸಂಘವೂ ಇರುತ್ತಿರಲಿಲ್ಲ. ಆದರೆ ಬರಿಗೈಯಲ್ಲಿ ಬಿಡುವುದು ತಪ್ಪು. ಕಲಿಯದೆ ಬಂದವನನ್ನು ಮುಂದಿನ ಯಂತ್ರ ಬಂದ ದಿನ ಫಜಲನಂತೆ ಹೊರಗೆ ನಿಲ್ಲಿಸುತ್ತಾರೆ.

“ಮನೆಯಲ್ಲಿ ಗಂಜಿಗಿಲ್ಲದಾಗ ಶಾಲೆಯ ಮಾತೇಕೆ?” ಎನ್ನುವವರಿದ್ದಾರೆ. ಒಪ್ಪತಕ್ಕ ಮಾತೇ. ಆದರೆ ಲೆಕ್ಕ ಹಾಕಿ ನೋಡೋಣ. ಹದಿಮೂರಕ್ಕೆ ಬಂದ ಹುಡುಗ ನಾಲ್ಕು ವರ್ಷ ದುಡಿದು ಮನೆಗೆ ಕಳಿಸುವುದೆಷ್ಟು? ಓದು ನಿಂತ ಕಾರಣಕ್ಕೆ ಮುಂದಿನ ನಲವತ್ತು ವರ್ಷ ಕಡಿಮೆ ಕೂಲಿಗೆ ಕೈಯೊಡ್ಡಿ ಕಳೆದುಕೊಳ್ಳುವುದೆಷ್ಟು?

ಕಾನೂನು ನಮ್ಮ ಕಡೆ ಇದೆ. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಿಕೊಳ್ಳುವುದು ನಿಷಿದ್ಧವಾಯಿತು. 2016ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಆದರೆ ಹದಿನಾಲ್ಕು ತುಂಬಿದ ಮರುದಿನವೇ ಹುಡುಗನನ್ನು ಹೋಟೆಲಿಗೆ ತಂದು ಬಿಡುವವರು ಯಾರು? ಧಣಿಗಳಷ್ಟೇ ಅಲ್ಲ, ನಾವೂ ಹೌದು. ಊರಿಗೆ ಹೋದಾಗ ಅಕ್ಕನ ಮಗನನ್ನೋ ನೆರೆಮನೆಯ ಹುಡುಗನನ್ನೋ “ಒಂದು ಕೆಲಸ ಕೊಡಿಸುತ್ತೇನೆ” ಎಂದು ಕರೆತರುವವರು ನಾವೇ. ಇದನ್ನು ಮೊದಲು ನಮ್ಮಲ್ಲೇ ನಾವು ಒಪ್ಪಿಕೊಳ್ಳಬೇಕು.

ಆದ್ದರಿಂದ ಸಂಘದ ಮುಂದೆ ಎರಡು ಮಾತು ಇಡುತ್ತೇವೆ. ಒಂದು, ಹತ್ತನೆಯ ತರಗತಿ ಮುಗಿಸದ ಯಾವ ಹುಡುಗನನ್ನೂ ನಮ್ಮಲ್ಲಿ ಯಾರೂ ಊರಿನಿಂದ ಕರೆತರಬಾರದು. ಎರಡು, ಈಗಾಗಲೇ ಬಂದಿರುವ ಎಳೆಯರಿಗೆ ಸಂಜೆ ಎರಡು ಗಂಟೆ ಬಿಡುವು ಕೊಡುವಂತೆ ಧಣಿಗಳನ್ನು ಕೇಳಬೇಕು. ಆ ಹೊತ್ತಿನ ಕೆಲಸವನ್ನು ಹಿರಿಯರಾದ ನಾವು ಸರದಿಯ ಮೇಲೆ ಹೊರಬೇಕು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ 14 ತುಂಬಿದವರು ದಿನವೂ ಶಾಲೆಗೆ ಹೋಗದೆಯೇ ಹತ್ತನೆಯ ಪರೀಕ್ಷೆಗೆ ಕೂರಬಹುದು. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರು ನಮ್ಮ ಕರಾವಳಿಯವರೇ. ಅಲ್ಲಿ ಆದದ್ದು ಇಲ್ಲೇಕೆ ಆಗದು?

ಆ ಚಿತ್ರ ನೋಡದವರು ನೋಡಿರಿ. ನೋಡಿದ ಮೇಲೆ ಊರಿಗೆ ಒಂದು ಫೋನ್ ಮಾಡಿ, ಮನೆಯ ಹುಡುಗ ಈಗ ಎಷ್ಟನೆಯ ತರಗತಿಯಲ್ಲಿದ್ದಾನೆ ಎಂದು ಕೇಳಿರಿ.