ಹೊಸ ಪಿಸ್ತೂಲು ಸಿಕ್ಕಿಹಾಕಿಕೊಂಡರೆ ಅದು ಇನ್ನೂ ‘ಪಳಗಿಲ್ಲ’ ಎಂದರ್ಥವೇ?

ಹೊಸ ಚಪ್ಪಲಿ ನಾಲ್ಕು ದಿನ ಕಚ್ಚುತ್ತದೆ. ಹೊಸ ಬೈಕು ‘ಸೆಟ್’ ಆಗಲು ಒಂದಷ್ಟು ಕಿಲೋಮೀಟರ್ ಓಡಬೇಕು. ಹಾಗಾಗಿ ಹೊಸ ಯಂತ್ರವೊಂದು ಮೊದಮೊದಲು ತೊಂದರೆ ಕೊಟ್ಟರೆ ನಾವು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಅಂಗಡಿಯಲ್ಲಿ ಪಿಸ್ತೂಲು ಸುಲಭವಾಗಿ ಸಿಗುವ ಅಮೆರಿಕದಲ್ಲೂ ಇಂಥದೇ ಒಂದು ನಂಬಿಕೆಯಿದೆ: ಹೊಸ ಪಿಸ್ತೂಲು ನಡುವೆ ಸಿಕ್ಕಿಹಾಕಿಕೊಂಡರೆ ಇನ್ನೂ ನೂರಿನ್ನೂರು ಗುಂಡು ಹಾರಿಸಿ, ತಾನಾಗಿ ಸರಿಹೋಗುತ್ತದೆ. ಈ ಮಾತು ಎಷ್ಟು ನಿಜ, ಎಲ್ಲಿಂದ ಮುಂದೆ ಅಪಾಯ ಎಂಬುದನ್ನು ನೋಡೋಣ.

ಪಿಸ್ತೂಲಿನಿಂದ ಗುಂಡು ಹಾರಿದಾಗ ಹುಟ್ಟುವ ಹಿಂದೊದೆತವೇ ಮೇಲಿನ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದೆ ಸರಿಯುವಾಗ ಅದು ಖಾಲಿ ಕೋಶವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ದೂಡಿದಾಗ ಮ್ಯಾಗಜಿನ್‌ನಿಂದ ಹೊಸ ತೋಟಾ ನಳಿಗೆಯೊಳಗೆ ಸೇರುತ್ತದೆ. ಹೊಸ ಸ್ಪ್ರಿಂಗ್ ತೀರಾ ಗಡುಸಾಗಿದ್ದರೆ, ಅಥವಾ ಸ್ಲೈಡ್ ಜಾರುವ ಜಾಡು ಒರಟಾಗಿದ್ದರೆ, ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ ತೋಟಾ ಅಡ್ಡ ಸಿಕ್ಕಿಕೊಳ್ಳಬಹುದು. ಬಳಸುತ್ತ ಹೋದಂತೆ ಒರಟು ಸವೆಯುತ್ತದೆ, ಸ್ಪ್ರಿಂಗ್ ಹದಕ್ಕೆ ಬರುತ್ತದೆ. ಮೊದಲ 200 ಗುಂಡುಗಳು ಪಳಗಿಸುವುದಕ್ಕೇ ಎಂದು ಕೆಲವು ತಯಾರಕರೂ ಹೇಳುತ್ತಾರೆ. ಅಷ್ಟರಮಟ್ಟಿಗೆ ಮಾತು ನಿಜ.

ಆದರೆ ಸವೆತದಿಂದ ಸರಿಹೋಗುವುದು ಒರಟುತನ ಮಾತ್ರ. ಅಳತೆ ತಪ್ಪಿ ಕೊರೆದ ನಳಿಗೆ, ಖಾಲಿ ಕೋಶವನ್ನು ಎಳೆಯುವ ಕೊಕ್ಕೆಯಲ್ಲಿನ ದೋಷ, ಒಳಗೇ ಬಿರುಕಿರುವ ಭಾಗ ಇವು ಬಳಸಿದಷ್ಟೂ ಕೆಡುತ್ತವೆ. ಯಂತ್ರಗಳ ಆಯುಸ್ಸನ್ನು ಲೆಕ್ಕ ಹಾಕುವ ಎಂಜಿನಿಯರುಗಳು ‘ಸ್ನಾನದ ತೊಟ್ಟಿ’ ಆಕಾರದ ಒಂದು ಗೆರೆಯನ್ನು ಎಳೆಯುವುದುಂಟು: ಕೆಡುವ ಸಂಭವ ಶುರುವಿನಲ್ಲಿ ಹೆಚ್ಚು, ನಡುವೆ ಕಡಿಮೆ, ಹಳತಾದ ಮೇಲೆ ಮತ್ತೆ ಹೆಚ್ಚು. ಶುರುವಿನ ಆ ಏರಿಗೆ ದೊಡ್ಡ ಕಾರಣ ತಯಾರಿಕೆಯಲ್ಲೇ ಉಳಿದ ದೋಷಗಳು. ಹೊಸದು ಎಂಬುದೇ ಭರವಸೆ ಅಲ್ಲ.

ಹಾಗಾದರೆ ದೋಷ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಒಂದೊಂದನ್ನೇ ಬದಲಿಸಿ ನೋಡಬೇಕು, ಬರೆದಿಡಬೇಕು. ಮ್ಯಾಗಜಿನ್‌ಗಳಿಗೆ 1, 2 ಎಂದು ಗುರುತು ಹಾಕಿದರೆ, ತೊಂದರೆ ಯಾವಾಗಲೂ ಒಂದರಲ್ಲೇ ಬರುತ್ತಿದೆಯೇ ಎಂಬುದು ಬೇಗ ಗೊತ್ತಾಗುತ್ತದೆ. ಎಷ್ಟೋ ಸಲ ತಪ್ಪು ಅದರ ತೆಳು ತಗಡಿನ ತುಟಿಯಲ್ಲಿರುತ್ತದೆ, ಪಿಸ್ತೂಲಿನದಲ್ಲ. ಒಂದೇ ಬಗೆಯ ತೋಟಾದಲ್ಲಿ ಮಾತ್ರ ಬಂದರೆ ಅನುಮಾನ ತೋಟಾದ ಮೇಲೆ. ಬೇರೊಬ್ಬ ಅನುಭವಿ ಹಿಡಿದಾಗ ಸರಿಯಾಗಿ ನಡೆದರೆ ಕಾರಣ ಸಡಿಲವಾದ ಮಣಿಕಟ್ಟು. ಕೈಯೇ ಹಿಂದೆ ಸರಿದರೆ ಸ್ಲೈಡಿಗೆ ಬೇಕಾದ ಒದೆತ ಸಿಗುವುದಿಲ್ಲ. ಇದ್ಯಾವುದೂ ಅಲ್ಲದಿದ್ದರೆ ಪಿಸ್ತೂಲನ್ನೇ ಅನುಮಾನಿಸಬೇಕು.

ಕೆಲವು ಲಕ್ಷಣಗಳಿಗೆ ಈ ತಾಳ್ಮೆ ಸಲ್ಲದು. ಟ್ರಿಗರ್ ಒಮ್ಮೆ ಎಳೆದಾಗ ಎರಡು ಗುಂಡು ಹಾರಿದರೆ, ಸೇಫ್ಟಿ ಹಾಕಿದ್ದರೂ ಹಾರಿದರೆ, ಖಾಲಿ ಕೋಶ ಉಬ್ಬಿ ಅಥವಾ ಸೀಳಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ‘ಟಿಕ್’ ಎಂದು ಗುಂಡು ಹಾರದಿದ್ದರೆ ನಳಿಗೆಯ ಬಾಯನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಸದ್ದು ‘ಠುಸ್’ ಎಂದು ಮೆಲ್ಲಗೆ ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಇಷ್ಟೆಲ್ಲ ಕೊಂಡವರೇ ಏಕೆ ನೋಡಬೇಕು, ಸರ್ಕಾರ ಪರೀಕ್ಷಿಸುವುದಿಲ್ಲವೇ? ಬ್ರಿಟನ್ನಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಂನ ಪ್ರೂಫ್ ಹೌಸ್‌ಗಳಲ್ಲಿ ಬಂದೂಕುಗಳನ್ನು ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಅಮೆರಿಕದಲ್ಲಿ ಅಂಥ ಕಡ್ಡಾಯ ಸರ್ಕಾರಿ ಪರೀಕ್ಷೆ ಇಲ್ಲ. ಉದ್ಯಮ ತಾನೇ ರೂಪಿಸಿಕೊಂಡ ಮಾನದಂಡಗಳಿವೆ. 1972ರ ಕಾನೂನಿನಿಂದ ಹುಟ್ಟಿದ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಿಕ್ಸಿಯಿಂದ ಆಟಿಕೆಯವರೆಗೆ ನೂರಾರು ವಸ್ತುಗಳ ಮೇಲೆ ಕಣ್ಣಿಡುತ್ತದೆ, ಆದರೆ ಬಂದೂಕು ಅದರ ವ್ಯಾಪ್ತಿಗೆ ಬರುವುದಿಲ್ಲ. ಮಕ್ಕಳ ಛರ್‍ರೆ ಬಂದೂಕು ಬರುತ್ತದೆ, ನಿಜವಾದ ಪಿಸ್ತೂಲು ಬರುವುದಿಲ್ಲ! ದೋಷ ಕಂಡರೆ ವಾಪಸು ಕರೆಸಿಕೊಳ್ಳುವುದು ತಯಾರಕರ ಇಚ್ಛೆಗೆ ಬಿಟ್ಟದ್ದು.

ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ಸಿಗ್ ಸಾವರ್ ಕಂಪನಿಯ ಪಿ320 ಒಳ್ಳೆಯ ಉದಾಹರಣೆ. 2017ರಲ್ಲಿ ಈ ಪಿಸ್ತೂಲು ನಿರ್ದಿಷ್ಟ ಕೋನದಲ್ಲಿ ಹಿಂಭಾಗ ಕೆಳಗಾಗಿ ನೆಲಕ್ಕೆ ಬಿದ್ದರೆ, ಯಾರೂ ಟ್ರಿಗರ್ ಮುಟ್ಟದೆಯೇ ಗುಂಡು ಹಾರುತ್ತದೆ ಎಂದು ಸ್ವತಂತ್ರ ಪರೀಕ್ಷೆಗಳು ತೋರಿಸಿದವು. ಬಿದ್ದ ಪಿಸ್ತೂಲು ತಟ್ಟನೆ ನಿಂತರೂ ಭಾರವಾದ ಟ್ರಿಗರ್ ಜಡತ್ವದಿಂದ ಚಲಿಸುತ್ತಲೇ ಇತ್ತು. ಆಗಸ್ಟ್‌ನಲ್ಲಿ ಕಂಪನಿ ಹಗುರ ಟ್ರಿಗರ್ ಮತ್ತಿತರ ಭಾಗಗಳನ್ನು ಪುಕ್ಕಟೆ ಹಾಕಿಕೊಡುವುದಾಗಿ ಹೇಳಿತು. ಅದನ್ನು ಕರೆದದ್ದು ‘ಸ್ವಯಂಪ್ರೇರಿತ ಉನ್ನತೀಕರಣ’ ಎಂದು. ಈ ದೋಷ ಸಾವಿರ ಗುಂಡು ಹಾರಿಸಿ ‘ಪಳಗಿಸಿದರೂ’ ಹೋಗುತ್ತಿರಲಿಲ್ಲ.

ದೋಷ ಖಚಿತವಾದರೆ ತಾವೇ ಅರ ಹಿಡಿದು ಉಜ್ಜುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವಾರಂಟಿ ಕೈತಪ್ಪಬಹುದು, ಟ್ರಿಗರಿನ ಒಳಗಿನ ಕಚ್ಚು ಕೂದಲೆಳೆಯಷ್ಟು ಸವೆದರೂ ಪಿಸ್ತೂಲು ತಾನಾಗಿ ಹಾರುವಂತಾಗಬಹುದು. ಅಂಗಡಿಯವರು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ. ಹೆಸರಿಗೆ ಬರೆಸಿಕೊಂಡ ಕ್ಷಣವೇ ಅದು ಹಳೆಯ ಮಾಲು. ರಿಪೇರಿಗೆ ನೇರವಾಗಿ ತಯಾರಕರಿಗೆ ಕಳಿಸಲು, ಅವರು ನೇರವಾಗಿ ಮಾಲೀಕರಿಗೇ ಹಿಂದಿರುಗಿಸಲು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅವಕಾಶವಿದೆ. ಜೊತೆಗೆ ಬರೆದಿಟ್ಟ ವಿವರ, ಫೋಟೋ, ಸಿಡಿದ ಕೋಶ ಇದ್ದರೆ ‘ನಮಗೆ ಏನೂ ಕಾಣಲಿಲ್ಲ’ ಎಂಬ ಉತ್ತರ ಬರುವುದು ಕಷ್ಟ. ಬಂದೂಕು ಕಂಪನಿಗಳ ಮೇಲೆ ಮೊಕದ್ದಮೆ ಹೂಡಲಾಗದು ಎಂಬುದೂ ಪೂರ್ತಿ ನಿಜವಲ್ಲ. 2005ರ ಕಾನೂನು ಅವರಿಗೆ ರಕ್ಷಣೆ ಕೊಡುವುದು ಮುಖ್ಯವಾಗಿ ಬೇರೆಯವರು ಮಾಡಿದ ಅಪರಾಧಗಳ ವಿಷಯದಲ್ಲಿ. ಸರಿಯಾಗಿ ಬಳಸುವಾಗ ವಿನ್ಯಾಸದ ಅಥವಾ ತಯಾರಿಕೆಯ ದೋಷದಿಂದಾದ ಗಾಯಕ್ಕೆ ಅದರಲ್ಲೇ ವಿನಾಯಿತಿ ಇದೆ.

ನಮ್ಮಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕು. ಅದರ ರಿಪೇರಿಯೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಬರುತ್ತದೆ, ಅದಕ್ಕೆಂದೇ ಪರವಾನಗಿ ಪಡೆದವರಲ್ಲೇ ಮಾಡಿಸಬೇಕು.