ಆನ್‌ಲೈನಿನಲ್ಲಿ ಚನ್ನಪಟ್ಟಣದ ಗೊಂಬೆ
ಚನ್ನಪಟ್ಟಣದ ಅರಗಿನ ಗೊಂಬೆಗಳನ್ನು ಅಂತರ್ಜಾಲದಲ್ಲಿ ಮಾರುವ ಸಂಸ್ಥೆಗಳಲ್ಲಿ ಆನ್‌ಲೈನ್ ಮಾರ್ಕೆಟಿಂಗ್ ಮ್ಯಾನೇಜರ್‌ನ ಕೆಲಸ ಫೋಟೊದಿಂದಲೇ ಶುರುವಾಗುತ್ತದೆ. ಲೇತಿನಲ್ಲಿ ಗಿರಗಿರನೆ ತಿರುಗುವ ಹಾಲೆ ಮರದ ತುಂಡಿಗೆ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾನೆ. ಉಜ್ಜುವ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಈ ಹೊಳಪೇ ಕ್ಯಾಮೆರಾಕ್ಕೆ ತೊಡಕು. ಬೆಳಕು ನೇರ ಬಿದ್ದರೆ ಗೊಂಬೆಯ ಹೊಟ್ಟೆಯ ಮೇಲೆ ಬಿಳಿ ಮಚ್ಚೆ ಕಾಣುತ್ತದೆ. ಫೋಟೊದ ಕೆಂಪಿಗೂ ಕೈಗೆ ಬಂದ ಗೊಂಬೆಯ ಕೆಂಪಿಗೂ ತುಸು ವ್ಯತ್ಯಾಸವಾದರೆ ಪಾರ್ಸೆಲ್ ವಾಪಸ್. ಕೈಕೆಲಸದಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ ಎಂಬ ಸಾಲನ್ನು ವಿವರಣೆಯಲ್ಲಿ ಸೇರಿಸುವುದು ಅದಕ್ಕೇ. ಓದುವವರು ಎಷ್ಟು ಮಂದಿ ಎನ್ನುವುದು ಬೇರೆ ಮಾತು. ಫೋಟೊ, ವಿವರಣೆ ಆದ ಮೇಲೆ ಜಾಹೀರಾತು. ಅದರ ದುಡ್ಡು ಸಾಮಾನ್ಯವಾಗಿ ಕ್ಲಿಕ್ಕಿನ ಲೆಕ್ಕದಲ್ಲಿ ಹೋಗುತ್ತದೆ, ಗಿರಾಕಿ ಕೊಳ್ಳಲಿ ಬಿಡಲಿ. ಅಗ್ಗದ ಒಂದೇ ಗಿಲಕಿಗೆ ಜಾಹೀರಾತು ಕೊಟ್ಟರೆ ಲಾಭ ಅಲ್ಲೇ ಮುಗಿಯುತ್ತದೆ, ಹಾಗಾಗಿ ನಾಲ್ಕೈದು ಆಟಿಕೆ ಸೇರಿಸಿ ಸೆಟ್ ಮಾಡಿ ಮಾರುವುದೇ ಜಾಣತನ. ಕಾಗದಪತ್ರದ ಕೆಲಸವೂ ಇದೆ: 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯ ಅಧಿಕೃತ ಬಳಕೆದಾರರ ಸರಕಿಗೂ ವಿನಾಯಿತಿ ಉಂಟು, ಆದರೆ ಅದನ್ನು ತೋರಿಸುವ ದಾಖಲೆ ಕೈಯಲ್ಲಿರಬೇಕು. ದಸರೆ ಗೊಂಬೆ ಕೂರಿಸುವ ಮನೆಗಳ ಬೇಡಿಕೆ ಹಬ್ಬಕ್ಕೆ ಮುಂಚೆ ಒಮ್ಮೆಲೇ ಏರುತ್ತದೆ. ಲೇತಿನ ಮುಂದೆ ಕೂತವನ ಕೈಗೆ ಆ ವೇಗ ಬರುವುದಿಲ್ಲ. ದಾಸ್ತಾನು ತಳಕ್ಕೆ ಬಂದ ಗೊಂಬೆಯ ಜಾಹೀರಾತನ್ನು ಆಗ ಮ್ಯಾನೇಜರ್ ತಾನೇ ನಿಲ್ಲಿಸಬೇಕಾಗುತ್ತದೆ.