ಹಳೇ ಕಾರಿನ ಜಾತಕ

ಮಧುಗಿರಿ, ಶಿರಾ ಕಡೆಯ ಹಳ್ಳಿಗಳ ದೊಡ್ಡ ಮನೆಗಳ ಹಿತ್ತಿಲಲ್ಲಿ ಒಮ್ಮೊಮ್ಮೆ ಹುಣಿಸೆ ಮರದ ಕೆಳಗೋ ಕೊಟ್ಟಿಗೆಯ ಪಕ್ಕದಲ್ಲೋ ಟೈರು ಇಳಿದ ಹಳೆಯ ಕಾರೊಂದು ಕಾಣಸಿಗುವುದುಂಟು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿರುತ್ತದೆ. ಯಾವ ಕಾಲದ್ದೆಂದು ಕೇಳಿದರೆ ‘ತಾತನ ಕಾಲದ್ದು, ಬ್ರಿಟಿಷರದು’ ಎಂಬ ಉತ್ತರ. ಗುಜರಿಯವನಿಗೆ ಇದಾವುದೂ ಬೇಕಿಲ್ಲ. ಅವನದು ಕಿಲೋ ಲೆಕ್ಕ.

ತೂಕಕ್ಕೆ ಹಾಕುವ ಮೊದಲು ಅದರ ಜಾತಕ ನೋಡಬೇಕಾದ ಕಾರಣ ಈಗ ಒಂದಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಅದು ಸಲ್ಲದು. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಪೆಟ್ರೋಲು ದುಬಾರಿಯೆಂದು ಡೀಸೆಲ್ ಎಂಜಿನ್ ಕೂರಿಸಿದ ಕಾರುಗಳು ಇಲ್ಲೇ ಎಡವುತ್ತವೆ.

ಗುರುತಿಸುವಾಗ ಹೆಸರಿನ ಫಲಕವನ್ನು ಕೊನೆಗೆ ನೋಡಬೇಕು. ಎರಡು ಸ್ಕ್ರೂ ಬಿಚ್ಚಿದರೆ ಬದಲಾಗುವ ವಸ್ತು ಸಾಕ್ಷಿಯಾಗುವುದು ಹೇಗೆ? ಮೈಕಟ್ಟನ್ನು ನೋಡಿ. ಹಿಂದೂಸ್ತಾನ್ ಮೋಟಾರ್ಸ್‌ನ ಲ್ಯಾಂಡ್‌ಮಾಸ್ಟರ್ ಮತ್ತು ಅಂಬಾಸಡರ್ ಎರಡೂ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಕ್ಕಳೇ. ಲ್ಯಾಂಡ್‌ಮಾಸ್ಟರ್ ಅಣ್ಣ, ಬೆನ್ನಭಾಗ ಗುಂಡಗೆ. ತಮ್ಮ ಅಂಬಾಸಡರ್‌ಗೆ ಹಿಂದಿನ ಎರಡು ಮೂಲೆಗಳಲ್ಲಿ ಮೀನಿನ ರೆಕ್ಕೆಯಂಥ ಸಣ್ಣ ಏಣು. 1962ರ ಮಾರ್ಕ್ 2ರಲ್ಲಿ ಮುಂದಿನ ಗ್ರಿಲ್ ಒತ್ತಾದ ಚೌಕುಳಿ. 1979ರಲ್ಲಿ ಬಂದ ಮಾರ್ಕ್ 4ರಲ್ಲಿ ಗ್ರಿಲ್ ಚಿಕ್ಕದಾಗಿ, ಪಾರ್ಕಿಂಗ್ ದೀಪಗಳು ಬೇರೆಯಾದವು. ಮಾರ್ಕ್ 4ಕ್ಕೆ 50 ತುಂಬುವುದು 2029ರ ಮೇಲೆಯೇ, ತಾತ ಏನೇ ಹೇಳಲಿ. ಫಿಯೆಟ್ ಆದರೆ ಮುಂದಿನ ಬಾಗಿಲು ತೆರೆದು ನೋಡಿ. ಹಳೆಯ ಫಿಯೆಟ್ 1100ರಲ್ಲಿ ಅದರ ಕೀಲು ಹಿಂಬದಿಗಿದ್ದು, ಬಾಗಿಲು ಹಿಂದಕ್ಕೆ ತೆರೆಯುತ್ತಿತ್ತು; ಪದ್ಮಿನಿಯಲ್ಲಿ ಕೀಲು ಮುಂದಕ್ಕೆ ಬಂದಿದೆ.

ಆದರೆ ಗ್ರಿಲ್ ಕೂಡ ಸುಳ್ಳು ಹೇಳಬಲ್ಲದು. ಎತ್ತಿನಗಾಡಿಗೆ ಗುದ್ದಿದ ಮಾರ್ಕ್ 2ಕ್ಕೆ ಗ್ಯಾರೇಜಿನವರು ಕೈಗೆ ಸಿಕ್ಕ ಮಾರ್ಕ್ 4ರ ಗ್ರಿಲ್ ಕೂರಿಸಿದ್ದರೆ? ಆದ್ದರಿಂದ ಒಂದೇ ಗುರುತನ್ನು ನೆಚ್ಚಬಾರದು. ಲೂಕಾಸ್ ಕಂಪನಿ ತನ್ನ ದೀಪ, ಡೈನಮೋಗಳ ಮೇಲೆ ತಿಂಗಳು, ವರ್ಷ ಒತ್ತುತ್ತಿತ್ತು. ನಾಲ್ಕು ಬಿಡಿಭಾಗಗಳಲ್ಲಿ ಮೂರು ಒಂದೇ ವರ್ಷ ತೋರಿಸಿ ನಾಲ್ಕನೆಯದು ಹತ್ತು ವರ್ಷ ಈಚಿನದಾದರೆ, ಅದು ಬಹುಶಃ ಆಮೇಲೆ ಸೇರಿಸಿದ್ದು. ನಂಬರ್ ‘ಎಂವೈ’ಯಿಂದ ಶುರುವಾದರೆ ಮೈಸೂರು ರಾಜ್ಯದ ಕಾಲದ ನೋಂದಣಿ, 1973ರ ನವೆಂಬರ್ 1ರಂದು ರಾಜ್ಯದ ಹೆಸರೇ ಬದಲಾಯಿತು. ‘ಕೆಎ’ ಇದ್ದ ಮಾತ್ರಕ್ಕೆ ಕಾರು ಹೊಸದೆಂದಲ್ಲ, ಮರುನೋಂದಣಿ ಆಗಿರಬಹುದು.

ಚಾಸಿ ನಂಬರೇ ಅಂತಿಮ ಎನ್ನುವವರಿಗೆ ಒಂದು ತಮಾಷೆ: 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿಗೆ ಎಂಜಿನ್ ಮೇಲಿನ ನಂಬರೇ ಕಾರಿನ ನಂಬರು. ಎಂಜಿನ್ ಬದಲಾದರೆ ಹುಟ್ಟಿದ ದಿನವೇ ಬದಲು! ಆಗ ರೇಡಿಯೇಟರ್ ನೋಡಬೇಕು: 1916ರ ಮಾದರಿಯವರೆಗೆ ಹಿತ್ತಾಳೆ, 1917ರಿಂದ ಕಪ್ಪು. ಇಂಥ ಹಳೆಯ ಕಾರುಗಳನ್ನು ಕಣ್ಣಾರೆ ಹೋಲಿಸಿ ನೋಡಲು ಧರ್ಮಸ್ಥಳದ ಕಾರು ಸಂಗ್ರಹಾಲಯವಿದೆ.

ಪಾವಗಡ, ಮಧುಗಿರಿ ಸೀಮೆಗೆ ಒಂದು ಅನುಕೂಲವೂ ಇದೆ. ಕಬ್ಬಿಣ ತುಕ್ಕು ಹಿಡಿಯಲು ಗಾಳಿಯ ಆಮ್ಲಜನಕದ ಜೊತೆ ನೀರೂ ಬೇಕು. ಉಪ್ಪಿದ್ದರೆ ಇನ್ನೂ ಬೇಗ. ಮಳೆಯೇ ಕಡಿಮೆಯಾದ ಇಲ್ಲಿ ರಬ್ಬರು ಬಿಸಿಲಿಗೆ ಬಿರಿಯುತ್ತದೆ, ತಗಡು ಮಾತ್ರ ಮಂಗಳೂರಿನ ಕಾರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅಂಕಿಗಳೂ ಉಳಿದಿರುತ್ತವೆ. ಉಪ್ಪುಕಾಗದದಿಂದ ತಿಕ್ಕಬೇಡಿ, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ತೆಳು ಕಾಗದವಿಟ್ಟು ಮೇಲೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಆರ್‌ಟಿಓ ಕಚೇರಿಯಲ್ಲಿ ಕೇಳುವುದೂ ಇಂಥದೇ ಅಚ್ಚು.